ಫೋನು ವಾಪಸ್, ಆಫರ್ ಎಲ್ಲಿ?

ಇವತ್ತು ನಾವು ಯಾರೂ ಬರೀ ಫೋನು ಕೊಳ್ಳುವುದಿಲ್ಲ. ಫೋನಿನ ಜೊತೆ ಒಂದು ಮಾತನ್ನೂ ಕೊಳ್ಳುತ್ತೇವೆ. ‘ಹಳೇ ಸೆಟ್ಟು ಕೊಡಿ, ಇಷ್ಟು ಕಡಿಮೆ ಮಾಡ್ತೀವಿ’, ‘ಒಂದು ವರ್ಷ ಕಂತು ಕಟ್ಟಿ, ಆಮೇಲೆ ಹೊಸ ಮಾಡೆಲ್ ತಗೊಳ್ಳಿ’, ‘ಈ ಕಾರ್ಡ್ ಉಜ್ಜಿದರೆ ಕ್ಯಾಶ್‌ಬ್ಯಾಕ್’. ಷೋರೂಮಿನ ಹುಡುಗ ಕ್ಯಾಮೆರಾ ಬಗ್ಗೆ ಎರಡು ನಿಮಿಷ ಮಾತಾಡಿದರೆ ಆಫರ್ ಬಗ್ಗೆ ಹತ್ತು ನಿಮಿಷ ಮಾತಾಡುತ್ತಾನೆ. ನಾವೂ ಮನಸ್ಸಿನಲ್ಲೇ ಕೂಡಿ ಕಳೆದು, ಎಟುಕದ ಬೆಲೆಯನ್ನು ಎಟುಕಿಸಿಕೊಂಡು ಜೇಬಿಗೆ ಕೈ ಹಾಕುತ್ತೇವೆ. ಹೀಗೆ ಕೊಂಡ ಫೋನನ್ನು ಕಂಪನಿಯೇ ‘ಇದು ಅಪಾಯ, ವಾಪಸ್ ಕೊಡಿ’ ಅಂದರೆ? ಫೋನಿನ ದುಡ್ಡೇನೋ ಬರುತ್ತದೆ. ಜೊತೆಗೆ ಕೊಂಡ ಮಾತಿನ ಗತಿ?

ಇದಕ್ಕೆ ದೊಡ್ಡ ಉದಾಹರಣೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7. ಆ ವರ್ಷ ಆಗಸ್ಟ್ 19ಕ್ಕೆ ಅಮೆರಿಕ, ದಕ್ಷಿಣ ಕೊರಿಯಾ ಮೊದಲಾದ ಕಡೆ ಮಾರಾಟಕ್ಕೆ ಬಂತು. ಬ್ಯಾಟರಿಗೆ ಬೆಂಕಿ ಹತ್ತುತ್ತಿದೆ ಅಂತ ಸೆಪ್ಟೆಂಬರ್ 2ಕ್ಕೆ ಮಾರಾಟ ನಿಂತಿತು. ಅಷ್ಟರಲ್ಲಿ ಸುಮಾರು 25 ಲಕ್ಷ ಫೋನು ಹೊರಬಿದ್ದಿದ್ದವು. ಬದಲಿಗೆ ಕೊಟ್ಟ ‘ಸುರಕ್ಷಿತ’ ಫೋನುಗಳೂ ಸುಟ್ಟವು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಅಂಥದೊಂದು ಫೋನು ವಿಮಾನದೊಳಗೇ ಹೊಗೆ ಕಾರಿ, ಪ್ರಯಾಣಿಕರನ್ನೆಲ್ಲ ಕೆಳಗಿಳಿಸಬೇಕಾಯಿತು. ಅಕ್ಟೋಬರ್ 11ಕ್ಕೆ ಕಂಪನಿ ಆ ಮಾಡೆಲ್ಲಿನ ತಯಾರಿಕೆಯನ್ನೇ ಕೈಬಿಟ್ಟಿತು. ಭಾರತದಲ್ಲಿ 59,900 ರೂಪಾಯಿ ಬೆಲೆ ಘೋಷಿಸಿ, ಸೆಪ್ಟೆಂಬರ್ 2ರಿಂದಲೇ ಮಾರುವ ತಯಾರಿ ನಡೆದಿತ್ತು. ಸರಿಯಾಗಿ ಅದೇ ದಿನ ರೀಕಾಲ್ ಸುದ್ದಿ ಬಂದು ನಾವು ಬಚಾವಾದೆವು.

ಬೆಂಕಿಯ ಕಥೆ ಎಲ್ಲರಿಗೂ ಗೊತ್ತು. ಕಂತಿನ ಕಥೆಯನ್ನು ಯಾರೂ ಅಷ್ಟಾಗಿ ಹೇಳಲಿಲ್ಲ.

ಅಮೆರಿಕದಲ್ಲಿ ಎಷ್ಟೋ ಜನ ಫೋನು ಕೊಳ್ಳುವುದು ಸಿಮ್ ಕೊಡುವ ಕಂಪನಿಯ ಮೂಲಕ, ತಿಂಗಳ ಕಂತಿನಲ್ಲಿ. ಅಲ್ಲಿನ ಅಪ್‌ಗ್ರೇಡ್ ಸ್ಕೀಮುಗಳ ಸಾಮಾನ್ಯ ಲೆಕ್ಕ ಇಷ್ಟು: ಅರ್ಧದಷ್ಟೋ ಏನೋ ಕಂತು ಕಟ್ಟಿ, ಕೈಯಲ್ಲಿರುವ ಫೋನನ್ನು ಒಳ್ಳೆ ಸ್ಥಿತಿಯಲ್ಲಿ ಒಪ್ಪಿಸಿದರೆ ಉಳಿದ ಕಂತು ಮನ್ನಾ, ಹೊಸ ಮಾಡೆಲ್ ಕೈಗೆ. ಅಂದರೆ ಆ ಫೋನೇ ಅಪ್‌ಗ್ರೇಡಿನ ಬೀಗದ ಕೈ. ರೀಕಾಲ್‌ನಲ್ಲಿ ಫೋನು ಒಪ್ಪಿಸಿದರೆ ಬೀಗದ ಕೈಯೇ ಹೋಯಿತು. ನಿಯಮವನ್ನು ಅಕ್ಷರಶಃ ಓದಿದರೆ ಹಳೇ ಕಂತಿನ ಖಾತೆ ಮುಚ್ಚಿತು, ಬೇರೆ ಫೋನಿಗೆ ಹೊಸ ಖಾತೆ ತೆರೆಯಿತು, ಎಣಿಕೆ ಮತ್ತೆ ಒಂದರಿಂದ ಶುರು. ನೋಟ್ 7 ಕೊಳ್ಳಲೆಂದು ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟವರ ಪಾಡಂತೂ ಇನ್ನೂ ಕಷ್ಟ. ಹಳೆಯದು ಕೈಬಿಟ್ಟಿತು, ಹೊಸದು ಸುಟ್ಟುಹೋಗಬಹುದು.

ಮೊದಲ ಸುತ್ತಿನಲ್ಲಿ ನೋಟ್ 7ಕ್ಕೆ ನೋಟ್ 7 ಸಿಗುತ್ತಿದ್ದರಿಂದ ಈ ಸಮಸ್ಯೆ ಅಷ್ಟಾಗಿ ಕಾಣಲಿಲ್ಲ. ಎರಡನೇ ಸುತ್ತಿನಲ್ಲಿ ಆ ಮಾಡೆಲ್ಲೇ ಇಲ್ಲ. ಆಗ ಇಂಥ ಗ್ರಾಹಕ ಯಾರನ್ನು ಕೇಳಬೇಕು? ಫೋನು ಮಾಡಿದವರನ್ನು ಕೇಳಿದರೆ ‘ಅಪ್‌ಗ್ರೇಡ್ ನಿಮ್ಮ ಸಿಮ್ ಕಂಪನಿಯದು’ ಅನ್ನಬಹುದು. ಸಿಮ್ ಕಂಪನಿಯನ್ನು ಕೇಳಿದರೆ ‘ಬ್ಯಾಟರಿ ನಾವು ಮಾಡಿದ್ದಲ್ಲ’ ಅನ್ನಬಹುದು. ತಾಲ್ಲೂಕು ಆಫೀಸಿನಲ್ಲಿ ಮೂರನೇ ಟೇಬಲ್ಲಿನಿಂದ ಐದನೇ ಟೇಬಲ್ಲಿಗೆ ಕಳಿಸುತ್ತಾರಲ್ಲ, ಹಾಗೆ. ಮಾರುವಾಗ ಇಬ್ಬರೂ ಒಂದೇ ಜಾಹೀರಾತಿನಲ್ಲಿ ನಿಂತಿದ್ದರು, ನಷ್ಟ ತುಂಬುವಾಗ ಬೇರೆ ಬೇರೆ ಮನೆ.

ಇನ್ನು ಪರಿಹಾರ. ಅಮೆರಿಕದಲ್ಲಿ ನೋಟ್ 7 ಕೊಟ್ಟು ಸ್ಯಾಮ್‌ಸಂಗಿನದೇ ಇನ್ನೊಂದು ಫೋನು ತೆಗೆದುಕೊಂಡವರಿಗೆ 100 ಡಾಲರ್‌ವರೆಗೆ ಕ್ರೆಡಿಟ್ ಸಿಕ್ಕಿತು. ದುಡ್ಡು ವಾಪಸ್ ಪಡೆದವರಿಗೆ, ಬೇರೆ ಕಂಪನಿಯ ಫೋನಿಗೆ ಹೋದವರಿಗೆ 25 ಡಾಲರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಅದೇ ಅಪಾಯವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದರು. ಇಬ್ಬರೂ ಅಂಗಡಿಗೆ ಅಲೆದರು. ತೊಂದರೆ ಒಂದೇ, ಪರಿಹಾರದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಹಾಗಾದರೆ ಆ 75 ಡಾಲರ್ ತೊಂದರೆಗೆ ಕೊಟ್ಟದ್ದಲ್ಲ, ಗಿರಾಕಿ ಕೈತಪ್ಪದಿರಲಿ ಅಂತ ಕೊಟ್ಟದ್ದು. ಅದನ್ನು ಮಾರ್ಕೆಟಿಂಗ್ ಖರ್ಚಿಗೆ ಬರೆದುಕೊಳ್ಳಲಿ, ಕ್ಷಮೆಯ ಹೆಸರಿನಲ್ಲಿ ಬೇಡ.

ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ ಕೊನೆಗೆ ಇನ್ನೊಂದು ಆಫರ್ ಬಂತು. ನೋಟ್ 7 ಬದಲು ಎಸ್7 ಇಲ್ಲವೇ ಎಸ್7 ಎಡ್ಜ್ ತೆಗೆದುಕೊಂಡವರು ಅದರ ಅರ್ಧ ಬೆಲೆ ಕಟ್ಟಿದ್ದರೆ ಸಾಕು, ಮುಂದಿನ ವರ್ಷ ಎಸ್8ಗೋ ನೋಟ್ 8ಗೋ ಬದಲಾಯಿಸಿಕೊಳ್ಳಬಹುದು ಅಂತ. ಒಪ್ಪೋಣ, ಇದು ಸರಿಯಾದ ದಿಕ್ಕು. ಅಪ್‌ಗ್ರೇಡ್ ತಪ್ಪುವುದೂ ಒಂದು ನಷ್ಟವೇ ಅಂತ ಕಂಪನಿಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ. ಆದರೆ ಇಲ್ಲೂ ಷರತ್ತು ಅದೇ: ನಮ್ಮ ಮನೆಯಲ್ಲೇ ಇದ್ದರೆ ಊಟ.

‘ಜೀವ ಉಳೀತಲ್ಲ, ಪೂರ್ತಿ ದುಡ್ಡೂ ಬಂತಲ್ಲ, ಪುಕ್ಕಟೆ ಆಫರಿಗೆ ಯಾಕಿಷ್ಟು ಗಲಾಟೆ?’ ಅಂತ ಕೇಳುವವರಿದ್ದಾರೆ. ಮೊದಲನೆಯದಾಗಿ, ಅದು ಪುಕ್ಕಟೆ ಆಗಿರಲಿಲ್ಲ. ಆಫರ್ ನೋಡಿಯೇ ನಾವು ಬೆಲೆಗೆ ಒಪ್ಪಿದ್ದು. ಎರಡನೆಯದು ಇನ್ನೂ ಮುಖ್ಯ. ರೀಕಾಲ್ ಗೆಲ್ಲುವುದು ಜನ ಫೋನು ತಂದುಕೊಟ್ಟಾಗ ಮಾತ್ರ. ಡಿಸೆಂಬರ್ ಹೊತ್ತಿಗೆ ಅಮೆರಿಕದಲ್ಲಿ ಶೇಕಡ 93ಕ್ಕಿಂತ ಹೆಚ್ಚು ನೋಟ್ 7 ವಾಪಸ್ ಬಂದಿದ್ದವು. ಉಳಿದವು ಚಾರ್ಜೇ ಆಗದಂತೆ ಸಾಫ್ಟ್‌ವೇರ್ ಕಳಿಸಿ ಕೊಲ್ಲಬೇಕಾಯಿತು. ವಾಪಸ್ ಕೊಡದವರ ಕಾರಣ ಒಬ್ಬೊಬ್ಬರದು ಒಂದೊಂದು ಇರಬಹುದು. ಆದರೆ ಕೊಟ್ಟರೆ ನಷ್ಟ ಅಂತಾದರೆ ಮನುಷ್ಯ ನಾಳೆ ನೋಡೋಣ ಅನ್ನುತ್ತಾನೆ. ಆ ನಾಳೆಯೊಳಗೆ ಅದು ಮಗುವಿನ ಕೈಯಲ್ಲೋ ಬಸ್ಸಿನಲ್ಲೋ ಹೊತ್ತಿಕೊಳ್ಳಬಹುದು. ಹೇಳಿದ ಮಾತು ಕೇಳಿ ಮೊದಲ ದಿನವೇ ತಂದುಕೊಟ್ಟವನು ಕಳೆದುಕೊಳ್ಳುವಂತೆ ಮಾಡುವ ರೀಕಾಲ್, ಸುರಕ್ಷತೆಗೇ ಕೊಡಲಿ ಪೆಟ್ಟು ಹಾಕಿಕೊಂಡಂತೆ. ಆಫರ್ ಉಳಿಸಿಕೊಡುವುದು ಧಾರಾಳತನದ ಪ್ರಶ್ನೆ ಆಗಬಾರದು, ಅದು ರೀಕಾಲಿನ ಕೆಲಸದ್ದೇ ಒಂದು ಭಾಗ.

ನಮ್ಮಲ್ಲಿ ಇಂಥದ್ದಾದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ತನಿಖೆಯಲ್ಲಿ ಸಾಕಷ್ಟು ಆಧಾರ ಸಿಕ್ಕರೆ ಕೇಂದ್ರ ಪ್ರಾಧಿಕಾರ ಅಪಾಯಕಾರಿ ವಸ್ತುಗಳನ್ನು ವಾಪಸ್ ತೆಗೆದುಕೊಳ್ಳಿ, ಅವುಗಳ ಬೆಲೆ ಮರಳಿಸಿ ಅಂತ ಆದೇಶ ಕೊಡಬಹುದು. ಒಳ್ಳೆಯದೇ. ಆದರೆ ಅಲ್ಲಿ ಎದ್ದು ಕಾಣುವ ಪದ ‘ಬೆಲೆ’. ನೋ ಕಾಸ್ಟ್ ಇಎಮ್ಐ, ಎಕ್ಸ್‌ಚೇಂಜ್ ಬೋನಸ್, ಬೈಬ್ಯಾಕ್ ಗ್ಯಾರಂಟಿ ಎಲ್ಲ ಸೇರಿ ಕೊಂಡ ಫೋನಿನ ಬೆಲೆ ನಿಜಕ್ಕೂ ಎಷ್ಟು? ಬಿಲ್ಲಿನಲ್ಲಿರುವುದೋ, ನಾನು ಕೊಟ್ಟ ಹಳೇ ಫೋನೂ ಸೇರಿಯೋ? ಅಗತ್ಯವಾದ ಇತರ ಆದೇಶ ಕೊಡಲೂ ಆ ಸೆಕ್ಷನ್ನಿನಲ್ಲಿ ಜಾಗ ಇದೆ. ಹಾಗಾಗಿ ಕೇಳುವವರು ಸ್ಪಷ್ಟವಾಗಿ ಕೇಳಬೇಕು.

ಕೇಳಬೇಕಾದ್ದು ಮೂರೇ. ಕಟ್ಟಿದ ಕಂತುಗಳ ಎಣಿಕೆ ಬದಲಿ ಫೋನಿಗೂ ಮುಂದುವರಿಯಬೇಕು. ಎಕ್ಸ್‌ಚೇಂಜಿಗೆ ಕೊಟ್ಟ ಹಳೇ ಫೋನಿನ ಮೌಲ್ಯ ನಗದಾಗಿ ಬರಬೇಕು, ಅದೇ ಅಂಗಡಿಯ ಕೂಪನ್ನಾಗಿ ಬೇಡ. ಮುಂದೆ ಯಾವ ಕಂಪನಿಯ ಫೋನು ಕೊಂಡರೂ ಪರಿಹಾರ ಒಂದೇ ಇರಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ಸಣ್ಣ ಕೆಲಸ. ಮುಂದಿನ ಸಲ ಹತ್ತು ನಿಮಿಷ ಆಫರ್ ವಿವರಿಸುವವರನ್ನು ‘ಈ ಮಾಡೆಲ್ ರೀಕಾಲ್ ಆದರೆ ಇದೆಲ್ಲ ಏನಾಗುತ್ತೆ?’ ಅಂತ ಕೇಳಿ. ‘ಹಾಗೆಲ್ಲ ಆಗಲ್ಲ ಸಾರ್’ ಅಂದರೆ, ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿ ಅನ್ನಿ.