ಜೊತೆಗಿಟ್ಟು ಓದಬೇಕಾದ ಎರಡು ಕವಿತೆ

ನವೆಂಬರ್ 1ರಂದು ದೇವನಹಳ್ಳಿಯಲ್ಲಿ ಬಾವುಟ ಏರಿದ ಮೇಲೆ ಧ್ವನಿವರ್ಧಕದಲ್ಲಿ ‘ನಿತ್ಯೋತ್ಸವ’ ಕೇಳಿಬರಲೇಬೇಕು. ಅದನ್ನು ಬರೆದ ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು ಇದೇ ಊರಿನಲ್ಲಿ, 1936ರಲ್ಲಿ; ಮನೆಮಾತು ಉರ್ದು. ಮೈಸೂರು ಅನಂತಸ್ವಾಮಿಯವರ ಸ್ವರ ಸಂಯೋಜನೆಯಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಅದು ಮನೆಮನೆಯ ಹಾಡಾಯಿತು.

ಜೋಗ, ತುಂಗೆ, ಸಹ್ಯಾದ್ರಿ ಎಲ್ಲವೂ ಅದರಲ್ಲಿವೆ. ಬೆಟ್ಟವನ್ನು ಹೊಗಳುವಾಗಲೂ ಅದರೊಳಗಿನ ಅದಿರನ್ನು ಕಾಣುವುದು ಭೂವಿಜ್ಞಾನದ ಮೇಷ್ಟರಾಗಿದ್ದ ಈ ಕವಿಯ ಕಣ್ಣು. ಆದರೆ ಕವಿ ಹುಟ್ಟಿದ ಬಯಲುಸೀಮೆಯ ಕೆರೆ, ರಾಗಿಹೊಲ, ಚಕ್ಕೋತದ ಮರ ಅಲ್ಲಿಲ್ಲ. ಇದು ಕೊರತೆಯೇ. ಆದರೂ ಕುಲದ ಹಂಗಿಲ್ಲದ, ಮತ್ಸರವಿಲ್ಲದ ಮನಸ್ಸನ್ನು ನಾಡಿನ ಹಿರಿಮೆಯೆಂದು ಎತ್ತಿ ಹಿಡಿಯುವ ಕಡೆ ಹಾಡು ಗೆಲ್ಲುತ್ತದೆ.

ನನ್ನ ತಕರಾರು ನಮ್ಮ ರೂಢಿಯ ಮೇಲೆ. ಇದೇ ಕವಿ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆಯನ್ನೂ ಬರೆದರು. ಎಲ್ಲರ ನಡುವೆ ಬಾಳುತ್ತ ತನ್ನತನ ಉಳಿಸಿಕೊಳ್ಳುವವನ ಸಂಕಟ, ಅವನ ಮೇಲೆ ಬೀಳುವ ಗುಮಾನಿಯ ನೋಟ ಅದರ ವಸ್ತು. ಕಲೆಯಾಗಿ ಅದೇ ಹೆಚ್ಚು ಗಟ್ಟಿ ಎಂಬುದು ನನ್ನ ತೀರ್ಮಾನ. ‘ನಿತ್ಯೋತ್ಸವ’ ನಮ್ಮನ್ನು ಕೊಂಡಾಡುತ್ತದೆ. ಈ ಕವಿತೆ ನಮ್ಮನ್ನು ಪ್ರಶ್ನಿಸುತ್ತದೆ. ಮೊದಲನೆಯದನ್ನು ಹಾಡುತ್ತೇವೆ, ಎರಡನೆಯದನ್ನು ಪಠ್ಯದ ಪುಟಕ್ಕೆ ಬಿಟ್ಟುಬಿಡುತ್ತೇವೆ.

ತಮ್ಮೊಳಗೇ ಇರುವ ಬೇರೆ ನುಡಿಯವರ ದನಿಗೆ ಕಿವಿಗೊಡುತ್ತೇವೆಯೇ ಎಂಬ ಪರೀಕ್ಷೆ ಒಗ್ಗಟ್ಟಿನ ಚಳವಳಿಗಳಿಗೆ ಎಲ್ಲೆಡೆಯೂ ಎದುರಾಗಿದೆ. 1969ರಲ್ಲಿ ಅಲ್ಜೀರಿಯ ಇಡೀ ಆಫ್ರಿಕಾವನ್ನು ಕರೆದು ಅಲ್ಜಿಯರ್ಸ್‌ನಲ್ಲಿ ಸಾಂಸ್ಕೃತಿಕ ಉತ್ಸವ ಮಾಡಿತು. ಆ ನಾಡಿನವರೇ ಆದ, ಅರಬ್ಬಿಯಲ್ಲದ ನುಡಿಯ ಅಮಾಜಿಗ್ ಜನರ ಹಾಡುಗಾರ್ತಿ ತಾವೊಸ್ ಅಮ್ರುಶ್ ಅದಕ್ಕೂ ಮೂರು ವರ್ಷ ಹಿಂದೆ ಸೆನೆಗಲ್‌ನ ಡಾಕರ್‌ನಲ್ಲಿ ನಡೆದ ಅಂಥದೇ ಉತ್ಸವದಲ್ಲಿ ಹಾಡಿದ್ದರು. ಅಲ್ಜಿಯರ್ಸ್‌ನ ಅಧಿಕೃತ ವೇದಿಕೆ ಮಾತ್ರ ಅವರಿಗೆ ಸಿಗಲಿಲ್ಲ. ಖಂಡಕ್ಕೆಲ್ಲ ಬಾಗಿಲು ತೆರೆದವರು, ಅರಬ್ಬಿಯೊಂದೇ ರಾಷ್ಟ್ರಭಾಷೆ ಎಂದುಕೊಂಡು, ಮನೆಯ ಮಗಳನ್ನೇ ಹೊರಗಿಟ್ಟರು. ಅಮಾಜಿಗ್ ನುಡಿಗೆ ಅಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 2016ರಲ್ಲಿ.

ಕನ್ನಡ ನಿಸಾರರನ್ನು ಹೊರಗಿಡಲಿಲ್ಲ, ನಿಜ. 2006ರ ಶಿವಮೊಗ್ಗ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ಸನ್ಮಾನ ಅವರ ಆ ಎರಡನೆಯ ಕವಿತೆಗೆ ಉತ್ತರವಾಗುವುದಿಲ್ಲ. ತಾಯಿನುಡಿ ಬೇರೆಯಾದ ಕವಿ ನಮ್ಮನ್ನು ಹೊಗಳಿದಾಗ ನಮ್ಮವನು, ತನ್ನ ನೋವು ಹೇಳಿದಾಗ ಬೇರೆಯವನು ಎಂದಾಗಬಾರದು.

ದೇವನಹಳ್ಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: ಬರುವ ರಾಜ್ಯೋತ್ಸವಕ್ಕೆ ಮಕ್ಕಳಿಂದ ‘ನಿತ್ಯೋತ್ಸವ’ ಹಾಡಿಸಿ, ಚಪ್ಪಾಳೆ ನಿಂತ ಮೇಲೆ, ಅದೇ ಮೈಕಿನಲ್ಲಿ, ಆ ಇನ್ನೊಂದು ಕವಿತೆಯನ್ನೂ ಓದಿಸಿ.