‘ಸರ್ವರ್ ಡೌನ್’ ಎಂಬ ಅರೆಬರೆ ಉತ್ತರ

ವಾಮಂಜೂರಿನಿಂದ ಸ್ಟೇಟ್‌ಬ್ಯಾಂಕಿಗೆ ಹೊರಟ ಬಸ್ಸು ಅರ್ಧ ಗಂಟೆ ತಡವಾಯಿತೆಂದುಕೊಳ್ಳಿ. ಎಂಜಿನ್ನನ್ನು ಎಷ್ಟು ಪರೀಕ್ಷಿಸಿದರೂ ಕಾರಣ ಸಿಗದು; ಬಸ್ಸು ನಂತೂರಿನ ವಾಹನ ಸಾಲಿನಲ್ಲಿ ನಿಂತಿತ್ತು. ಜಾಲತಾಣಗಳ ಕಾರ್ಯಕ್ಷಮತೆಯನ್ನು ಅಳೆಯುವಾಗ ಅನೇಕರು ಎಂಜಿನ್ನನ್ನಷ್ಟೇ ನೋಡುತ್ತಾರೆ ಎಂಬುದು ನನ್ನ ಆಕ್ಷೇಪ.

ಆಸ್ತಿ ನೋಂದಣಿಗಾಗಿ 2023ರಲ್ಲಿ ರಾಜ್ಯದಾದ್ಯಂತ ಬಳಕೆಗೆ ಬಂದ ‘ಕಾವೇರಿ 2.0’ ತಂತ್ರಾಂಶವನ್ನು ಗಮನಿಸಿ. ಪಹಣಿಯ ವಿವರಕ್ಕೆ ಅದು ‘ಭೂಮಿ’ಯನ್ನು ಕೇಳಬೇಕು, ಶುಲ್ಕಕ್ಕೆ ‘ಖಜಾನೆ-2’ನ್ನು ಸಂಪರ್ಕಿಸಬೇಕು. ಇವು ಹೊರಹೋಗುವ ವಿನಂತಿಗಳು. 2025ರ ಆರಂಭದಲ್ಲಿ ಕಾವೇರಿ ಸ್ಥಗಿತಗೊಂಡಾಗ, ಹೊರಗಿನಿಂದ ನುಗ್ಗಿದ ಕೃತಕ ವಿನಂತಿಗಳ ಪ್ರವಾಹವೇ ಕಾರಣವೆಂದು ಸರ್ಕಾರ ಹೇಳಿತು. ಒಳಬರುವ ಪ್ರವಾಹವನ್ನು ಎಣಿಸಿ ಗುರುತಿಸಬಹುದು. ಆದರೆ ಇಂಥ ಯಾವುದೇ ವ್ಯವಸ್ಥೆಯಲ್ಲಿ ಬೇರೆಡೆಯಿಂದ ಉತ್ತರ ತಡವಾದರೆ? ಕಾಯುತ್ತಿರುವ ಸರ್ವರ್‌ನ ಸಿಪಿಯು ಬಹುತೇಕ ಬಿಡುವಾಗಿಯೇ ಇರುತ್ತದೆ. ನಕ್ಷೆಯಲ್ಲಿ ಎಲ್ಲವೂ ಸರಿ. ಉಪನೋಂದಣಿ ಕಚೇರಿಯ ಬೆಂಚಿನಲ್ಲಿ ಕುಳಿತವರ ಒಂದು ದಿನದ ಕೂಲಿ ಹೋಯಿತು.

ಪರಿಹಾರ ಕಷ್ಟದ್ದಲ್ಲ. ವಿನಂತಿ ಕಳುಹಿಸುವ ಫಂಕ್ಷನ್ನಿಗೆ ಒಂದು ಹೊದಿಕೆ ತೊಡಿಸಿ, ಹೊರಟ ವೇಳೆ, ಉತ್ತರ ಬಂದ ವೇಳೆ, ಯಾವ ಸರ್ವರ್, ಯಾವ ಸ್ಥಿತಿಸಂಕೇತ ಎಂಬುದನ್ನು ಬರೆದಿಡಬೇಕು. ವಿಳಾಸ ಹುಡುಕಲು, ಸಂಪರ್ಕ ಸಾಧಿಸಲು, ಉತ್ತರದ ಮೊದಲ ಬೈಟ್ ಬರಲು ಹಿಡಿದ ಕಾಲವನ್ನು ಬೇರೆಬೇರೆಯಾಗಿ ಗುರುತಿಸಿದರೆ ಇನ್ನೂ ಒಳ್ಳೆಯದು. ವಿಫಲವಾಗಿ ಮತ್ತೆ ಕಳುಹಿಸಿದ ಪ್ರತಿ ಪ್ರಯತ್ನವೂ ಪ್ರತ್ಯೇಕವಾಗಿ ದಾಖಲಾಗಬೇಕು. ಇಲ್ಲವಾದರೆ ಮೂರು ಸೋಲುಗಳು ಒಂದು ‘ನಿಧಾನದ ಗೆಲುವಿ’ನೊಳಗೆ ಅಡಗಿಬಿಡುತ್ತವೆ. ಜೊತೆಗೆ ಒಂದು ಗುರುತುಸಂಖ್ಯೆಯೂ ಸಾಗಿದರೆ ಮುಂದಿನ ಸರ್ವರ್ ಅದೇ ಎಳೆಯನ್ನು ಹಿಡಿಯಬಲ್ಲದು. ಗೂಗಲ್ ತನ್ನ ‘ಡ್ಯಾಪರ್’ ವ್ಯವಸ್ಥೆಯ ಮೂಲಕ ಈ ಕ್ರಮವನ್ನು 2010ರಲ್ಲಿ ವಿವರಿಸಿತು. ಡಬ್ಲ್ಯೂ3ಸಿ 2020ರಲ್ಲಿ ರೂಪಿಸಿದ ಮಾನಕದಲ್ಲಿ ಈ ಸಂಖ್ಯೆ 16 ಬೈಟ್‌ಗಳದ್ದು.

ಅಳೆದ ಮೇಲೂ ಸರಾಸರಿಯ ಮೋಸವಿದೆ. 100 ವಿನಂತಿಗಳಲ್ಲಿ 95ಕ್ಕೆ 0.2 ಸೆಕೆಂಡು, 5ಕ್ಕೆ 20 ಸೆಕೆಂಡು ಹಿಡಿಯಿತೆನ್ನಿ. ಸರಾಸರಿ 1.19 ಸೆಕೆಂಡು. ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ! ಅತಿ ನಿಧಾನದ ಆ ಐದನ್ನು ಪ್ರತ್ಯೇಕವಾಗಿ ತೋರಿಸದ ವರದಿ ವರದಿಯೇ ಅಲ್ಲ.

ಅಧ್ಯಾಪಕರಲ್ಲಿ ಒಂದು ಮಾತು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ಗಣಕದಲ್ಲಿ ಇರುವುದರಿಂದ ಕಾಯುವಿಕೆ ಎಂದರೇನೆಂದೇ ಅವರಿಗೆ ತಿಳಿಯುವುದಿಲ್ಲ. ಬೇಕೆಂದೇ 5 ಸೆಕೆಂಡು ತಡಮಾಡಿ ಉತ್ತರಿಸುವ ಪುಟ್ಟ ಸರ್ವರೊಂದನ್ನು ಬೇರೆ ಗಣಕದಲ್ಲಿಟ್ಟು, ತಪ್ಪು ಎಲ್ಲಿದೆಯೆಂದು ಹುಡುಕಲು ಹೇಳಿ. ದಾಖಲೆಯಲ್ಲಿ ಪೂರ್ಣ ಯುಆರ್‌ಎಲ್ ಉಳಿಸಿದ್ದರೆ ಅಂಕ ಕಡಿಯಿರಿ: ಪ್ರಶ್ನೆಚಿಹ್ನೆಯ ನಂತರದ ಭಾಗದಲ್ಲಿ ಯಾರದೋ ಸರ್ವೆ ನಂಬರೋ, ಮೊಬೈಲ್ ಸಂಖ್ಯೆಯೋ ಇರಬಹುದು.