ಹೆಸರಿಗಿಂತ ಮೊದಲು ಬಾಯಿ ನೋಡಿ

ಅಮೆರಿಕದ ಹಳೆಯ ಕೃಷಿ ಸ್ಪ್ಯಾನರ್ ಕೈಗೆ ಬಂದಾಗ ಹೊಸಬರು ಮೊದಲು ತುಕ್ಕು ಕೆರೆದು ಕಂಪನಿಯ ಹೆಸರು ಹುಡುಕುತ್ತಾರೆ. ಸಿಗದಿದ್ದರೆ ಅದನ್ನು ಗುಜರಿಗೆ ಸರಿಸುತ್ತಾರೆ. ಈ ಕ್ರಮವೇ ತಲೆಕೆಳಗಾದದ್ದು. 19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭದಲ್ಲಿ ಅಲ್ಲಿ ನೇಗಿಲು, ಬಿತ್ತನೆ ಯಂತ್ರ, ಹುಲ್ಲು ಕೊಯ್ಯುವ ಯಂತ್ರ ಕೊಂಡ ರೈತನಿಗೆ ಸಾಮಾನ್ಯವಾಗಿ ಜೊತೆಯಲ್ಲೇ ಒಂದು ಸ್ಪ್ಯಾನರೂ ಸಿಗುತ್ತಿತ್ತು. ಅದು ಆ ಯಂತ್ರದ ಬಿಡಿಭಾಗ. ಮೈಮೇಲೆ ಉಬ್ಬಿ ನಿಂತ ಅಕ್ಷರ, ಅಂಕಿಗಳು ಎಷ್ಟೋ ಸಲ ಬಿಡಿಭಾಗದ ಸಂಖ್ಯೆಯಷ್ಟೇ. ಆದ್ದರಿಂದ ಮಾಡಿದವರು ಯಾರೆಂದು ಕೇಳುವ ಮೊದಲು, ಯಾವ ಕೆಲಸಕ್ಕೆ ಮಾಡಿದ್ದೆಂದು ಕೇಳಬೇಕು.

ಉತ್ತರ ಆಕಾರದಲ್ಲೇ ಇದೆ. ಮೊದಲು ಬಾಯಿ ಅಳೆಯಿರಿ. ಅಮೆರಿಕದ ಎಂಜಿನಿಯರ್ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಮುಂದಿಟ್ಟ ನಟ್ಟು-ಬೋಲ್ಟಿನ ಅಳತೆಯ ಪದ್ಧತಿಯಲ್ಲಿ ನಟ್ಟಿನ ಅಗಲವೆಂದರೆ ಬೋಲ್ಟಿನ ವ್ಯಾಸದ ಒಂದೂವರೆಪಟ್ಟು, ಅದರ ಮೇಲೆ 1/8 ಇಂಚು. 7/8 ಇಂಚಿನ ಬಾಯಿ 1/2 ಇಂಚಿನ ಬೋಲ್ಟಿಗೆ ಹೊಂದುತ್ತದೆ. ಎಲ್ಲ ತಯಾರಕರೂ ಈ ಲೆಕ್ಕಕ್ಕೆ ಕಟ್ಟುಬಿದ್ದಿರಲಿಲ್ಲ, ಸವೆದ ಬಾಯಿ ಹಿಗ್ಗಿಯೂ ಇರುತ್ತದೆ. ಆದರೂ ಬೋಲ್ಟಿನ ಗಾತ್ರ ಅಂದಾಜಾದರೆ ಯಂತ್ರ ಎಷ್ಟು ಭಾರದ್ದೆಂಬುದೂ ಅಂದಾಜಾಗುತ್ತದೆ. ಹಿಡಿ ಬಾಗಿದ್ದರೆ ನಟ್ಟು ಇಕ್ಕಟ್ಟಿನಲ್ಲಿ ಇದ್ದಿರಬಹುದು. ತುದಿಯಲ್ಲಿ ಸುತ್ತಿಗೆಯ ಮೊಗವಿದ್ದರೆ ಹೊಲದಲ್ಲೇ ಪಿನ್ನು ಬಡಿಯುವ ಕೆಲಸವೂ ಇತ್ತು. ಇಷ್ಟು ಬಗೆಯ ಆಕಾರಗಳು ಹುಟ್ಟಿದ್ದಕ್ಕೆ ಕಾರಣ ಮ್ಯಾಲಿಯೇಬಲ್ ಎರಕ. ಗಡುಸಾಗಿ ಸಿಡಿಯುವ ಬಿಳಿ ಎರಕವನ್ನು ದಿನಗಟ್ಟಲೆ ಕಾಯಿಸಿ ನಿಧಾನವಾಗಿ ತಣಿಸಿದರೆ ಅದು ಏಟು ತಾಳುತ್ತದೆ. ಅಚ್ಚು ಮಾಡಿದ ಮೇಲೆ ವಿಚಿತ್ರ ಬಾಗಿಗೂ ನೇರ ಹಿಡಿಗೂ ಖರ್ಚಿನಲ್ಲಿ ಹೆಚ್ಚು ಅಂತರವಿಲ್ಲ. ಎಷ್ಟು ಚೆಂದದ ಸ್ವಾತಂತ್ರ್ಯವಿದು! ಅಚ್ಚಿನ ಎರಡು ಭಾಗ ಕೂಡಿದ ಗೆರೆ ಅಂಚಿನಲ್ಲಿ ಇಂದಿಗೂ ಬೆರಳಿಗೆ ಸಿಗುತ್ತದೆ.

ಆಕಾರ ಊಹೆ, ಹೆಸರೊಂದೇ ಸಾಕ್ಷಿ ಎಂಬ ಆಕ್ಷೇಪ ಸಹಜ. ಆದರೆ ಹೆಸರೂ ದಾರಿ ತಪ್ಪಿಸುತ್ತದೆ. ಮೆಕಾರ್ಮಿಕ್ ಮತ್ತು ಡೀರಿಂಗ್ ಕಂಪನಿಗಳು 1902ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ಗೆ ಸೇರಿಹೋದ ಮೇಲೂ ಆ ಹೆಸರುಗಳು ಮಾರುಕಟ್ಟೆಯಲ್ಲಿ ಉಳಿದವು. ಹೆಸರು ಕಂಡ ಮಾತ್ರಕ್ಕೆ 1902ಕ್ಕಿಂತ ಹಿಂದಿನದೆನ್ನುವಂತಿಲ್ಲ. ಪೇಟೆಂಟ್ ದಿನಾಂಕವೂ ಯಂತ್ರದ್ದಾಗಿರಬಹುದು, ಸ್ಪ್ಯಾನರಿನದ್ದೇ ಆಗಬೇಕೆಂದಿಲ್ಲ. ಅಂಕಿ ಅಳಿಸಿಹೋಗಿದ್ದರೆ ಒಂದು ದಾರಿಯಿದೆ: ಆ ಕಾಲದ ಅಮೆರಿಕದ ಪೇಟೆಂಟ್‌ಗಳು ಹೊರಬರುತ್ತಿದ್ದದ್ದು ಮಂಗಳವಾರ, ಹಾಗಾಗಿ ಕ್ಯಾಲೆಂಡರ್ ನೋಡಿ ಮಂಗಳವಾರವಲ್ಲದ ದಿನಾಂಕಗಳನ್ನು ಬಿಟ್ಟುಬಿಡಬಹುದು. ಇನ್ನು ನಕಲಿನ ಭಯ. ಅಸಲಿ ಸ್ಪ್ಯಾನರನ್ನೇ ಮಾದರಿಯಾಗಿಟ್ಟು ಎರಕ ಹೊಯ್ದರೆ ಲೋಹ ತಣಿಯುವಾಗ ಕುಗ್ಗುತ್ತದೆ, ಅಕ್ಷರದ ಅಂಚು ಮೊಂಡಾಗುತ್ತದೆ. ಗುರುತಿರುವ ಅಸಲಿನ ಪಕ್ಕ ಇಟ್ಟು ಉದ್ದ ಹೋಲಿಸಿದರೆ ನಕಲು ತುಸು ಗಿಡ್ಡವಾಗಿ ಕಾಣುತ್ತದೆ. ಇದನ್ನೆಲ್ಲ ನೋಡಲು ಮೇಲ್ಮೈ ಉಳಿದಿರಬೇಕು, ಆದ್ದರಿಂದ ಗ್ರೈಂಡರ್ ಹಚ್ಚಬೇಡಿ, ಬ್ರಷ್ಷಿನಿಂದ ಹಗುರವಾಗಿ ಉಜ್ಜಿ. ಹೆಸರು ಸಿಗದ ಸ್ಪ್ಯಾನರಿಗೂ ಚೀಟಿ ಬರೆಯಿರಿ: ಬಾಯಿಯ ಅಳತೆ, ಬೋಲ್ಟಿನ ಗಾತ್ರ, ಹಿಡಿಯ ಬಾಗು, ಸವೆದ ಜಾಗ, ಊಹೆಯ ಮುಂದೆ ಊಹೆಯೆಂದೇ ಬರೆಯಿರಿ.